ಹಾಡುಹಗಲೇ ಕಿತ್ತವರು

ರೈತ ಸಂಘದ ಸ್ಮರಣ ಸಂಚಿಕೆ ಎಂದರೆ ಮೊದಲ ಪುಟಗಳಲ್ಲಿ ನರಗುಂದ-ನವಲಗುಂದ, ಕೊನೆಯ ಪುಟಗಳಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿ. ನಡುವೆ ಸಮಾವೇಶ, ಜೈಲುವಾಸ, ಸಾಲಮನ್ನಾ, ಬೆಂಬಲ ಬೆಲೆ. ಸಂಪಾದಕ ಮಂಡಳಿ ನನಗೆ ಒಪ್ಪಿಸಿದ್ದು ಒಂದೆರಡು ಸಾಲಿನಲ್ಲಿ ದಾಟಿಹೋಗುವುದೇ ರೂಢಿಯಾಗಿರುವ ಅಧ್ಯಾಯವನ್ನು: ಸಂಘ ಕಿತ್ತದ್ದು, ಸುಟ್ಟದ್ದು, ಒಡೆದದ್ದು. ನರ್ಸರಿಯ ನೀಲಗಿರಿ ಸಸಿ, ಕಾರ್ಗಿಲ್ ಕಂಪನಿಯ ಕಡತ, ಮಲದಕಲ್‌ನ ಹತ್ತಿ ಗಿಡ. ಸಂಘವನ್ನು ಹೊಗಳುವವರು ಮುಜುಗರಪಟ್ಟು ಇದನ್ನು ಬಿಡುತ್ತಾರೆ. ತೆಗಳುವವರು ಇದೊಂದನ್ನೇ ಹಿಡಿಯುತ್ತಾರೆ.

ಆ ದಿನಗಳಲ್ಲಿ ನಮಗೆ ಸಿಕ್ಕ ಬಿರುದುಗಳು ಪುಂಡಾಟಿಕೆ, ದಾಂಧಲೆ, ಗೂಂಡಾಗಿರಿ. ಇಂದು ಯಾರಾದರೂ ಅದನ್ನೇ ಮಾಡಿದರೆ ಇನ್ನೂ ಭಾರವಾದ ಮಾತೊಂದು ಸಿದ್ಧವಾಗಿದೆ: ಪರಿಸರ ಭಯೋತ್ಪಾದನೆ. ಈ ಪದ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಆದರೆ ಅದು ನಮ್ಮ ಚರಿತ್ರೆಗೂ ಅಂಟುವುದೇ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಈ ಅಧ್ಯಾಯ ಬರೆಯಲಾಗದು.

ಸಂಘ ಹುಟ್ಟಿದ್ದು 1980ರಲ್ಲಿ, ಶಿವಮೊಗ್ಗದಲ್ಲಿ. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಎಂ.ಡಿ. ನಂಜುಂಡಸ್ವಾಮಿ ಕಟ್ಟಿದ ಮನೆ ಅದು. ಅದೇ ವರ್ಷದ ಜುಲೈ 21ರಂದು ನರಗುಂದ-ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಗಿತ್ತು. ರೈತರು ಸತ್ತರು, ಸಿಟ್ಟಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಈ ಎರಡನೆಯ ಮಾತನ್ನು ನಾವು ಮೆಲ್ಲಗೆ ಹೇಳುತ್ತೇವೆ. ಗಟ್ಟಿಯಾಗಿಯೇ ಹೇಳಬೇಕು. ಸಂಘದ ಹೋರಾಟಗಳಲ್ಲಿ ಮನುಷ್ಯನ ಮೈಮುಟ್ಟಬಾರದು ಎಂಬ ಮಾತಿಗೆ ಅಷ್ಟು ತೂಕ ಬಂದದ್ದರ ಹಿಂದೆ ಆ ನೆತ್ತರಿನ ನೆನಪಿದೆ ಎಂದು ನಾನು ನಂಬುತ್ತೇನೆ.

ಮೊದಮೊದಲು ಸಂಘ ಬಳಸಿದ ದಾರಿಗಳು ಸರಳ. ಊರ ಬಾಗಿಲಲ್ಲಿ ಬೋರ್ಡು ನೆಟ್ಟು, ಅನುಮತಿಯಿಲ್ಲದೆ ಅಧಿಕಾರಿಗಳು ಒಳಗೆ ಬರಬಾರದು ಎಂದು ಬರೆಸಿದರು. ಸಾಲಕ್ಕೆಂದು ಮನೆಯ ಪಾತ್ರೆ-ಪಡಗ ಜಪ್ತಿ ಮಾಡಿಕೊಂಡು ಹೋದರೆ, ಊರಿಗೆ ಊರೇ ಹಸಿರು ಶಾಲು ಹೊದ್ದು ಮೆರವಣಿಗೆ ಹೋಗಿ ಅವನ್ನು ವಾಪಸು ತರುತ್ತಿತ್ತು. ಇದಕ್ಕೆ ಮರುಜಪ್ತಿ ಎಂದು ಹೆಸರು. ಕಾನೂನಿನ ಕಣ್ಣಲ್ಲಿ ಅಪರಾಧ, ಹಳ್ಳಿಯ ಕಣ್ಣಲ್ಲಿ ನ್ಯಾಯ. ರಾತ್ರಿ ಗೋದಾಮಿನ ಬೀಗ ಮುರಿದು ತಂದಿದ್ದರೆ ಅದು ಕಳ್ಳತನವಾಗುತ್ತಿತ್ತು. ಹಗಲು ಹೊತ್ತು, ಹೆಸರು ಹೇಳಿ, ತಮಟೆ ಬಡಿದು ತಂದದ್ದರಿಂದ ಅದು ಹೋರಾಟವಾಯಿತು. ಮುಂದಿನ ಇಪ್ಪತ್ತು ವರ್ಷ ಸಂಘ ಮಾಡಿದ್ದನ್ನೆಲ್ಲ ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ.

ನೀಲಗಿರಿಯ ವಿಷಯಕ್ಕೆ ಬರೋಣ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಿದ ಮರ ಅದು. ಎಂಬತ್ತರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂತು. ಹಳ್ಳಿಯವರಿಗೆ ಸೌದೆ, ಮೇವು, ಹಣ್ಣು ಕೊಡುವ ಮರ ಬೆಳೆಸುವುದೆಂದು ಹೇಳಲಾಗಿತ್ತು, ನರ್ಸರಿಗಳಲ್ಲಿ ತುಂಬಿದ್ದು ಮಾತ್ರ ನೀಲಗಿರಿ. ಕೋಲಾರ, ತುಮಕೂರು ಕಡೆಯ ರಾಗಿ ಹೊಲಗಳು ಒಂದೊಂದಾಗಿ ನೀಲಗಿರಿ ತೋಪುಗಳಾದವು. ಹೊಲದವನಿಗೆ ನೋಡಿಕೊಳ್ಳುವ ತಾಪತ್ರಯ ತಪ್ಪಿತು, ನಿಜ. ಆದರೆ ಕಳೆ ಕೀಳಲು, ಕೊಯ್ಲು ಮಾಡಲು ಬರುತ್ತಿದ್ದ ಕೂಲಿಯವರಿಗೆ ಕೆಲಸ ಹೋಯಿತು, ದನಕ್ಕೆ ರಾಗಿ ಹುಲ್ಲು ಹೋಯಿತು, ಬಾವಿಯ ನೀರು ಇಳಿಯಿತು. ಕೋಲಾರದ ಸಾಮಾಜಿಕ ಅರಣ್ಯದ ಮೇಲೆ 1981ರಲ್ಲಿ ಹೊರಬಂದ ಜಯಂತ ಬಂಡೋಪಾಧ್ಯಾಯ, ವಂದನಾ ಶಿವ ಮೊದಲಾದವರ ಅಧ್ಯಯನ ಈ ಮಾತುಗಳಿಗೆ ಪುರಾವೆ ಒದಗಿಸಿತು.

1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನಡೆದುಹೋಗಿ ನೀಲಗಿರಿ ಸಸಿಗಳನ್ನು ಕಿತ್ತರು. ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ನರ್ಸರಿಯ ಸಸಿ ಕೀಳಲು ಬಲ ಬೇಕಿಲ್ಲ. ಗೇಣುದ್ದದ ಕಾಂಡ ಹಿಡಿದು ಎಳೆದರೆ ಪಾಲಿಥೀನ್ ಚೀಲದ ಕೆಮ್ಮಣ್ಣಿನ ಸಮೇತ ಬರುತ್ತದೆ. ಆದರೆ ಎಲೆ ಉಜ್ಜಿದ ಎಣ್ಣೆ ವಾಸನೆ ಅಂಗೈಗೆ ಅಂಟಿದರೆ ಸಂಜೆಯವರೆಗೂ ಹೋಗುವುದಿಲ್ಲ. ಸಾಕ್ಷಿಯನ್ನು ಬಚ್ಚಿಡಲು ಬಾರದ ಕೆಲಸ. ಬಚ್ಚಿಡುವ ಮನಸ್ಸೂ ಯಾರಿಗೂ ಇರಲಿಲ್ಲ. ಕಿತ್ತ ಜಾಗದಲ್ಲೇ ಬೀಜ ಊರಿದ್ದನ್ನು ಪೊಲೀಸ್ ಕಡತ ಬರೆದುಕೊಳ್ಳುವುದಿಲ್ಲ, ಏಕೆಂದರೆ ಬೀಜ ಊರುವುದಕ್ಕೆ ಸೆಕ್ಷನ್ ಇಲ್ಲ. ಹುಣಸೆ ಬೀಜವನ್ನು ಬಿಟ್ಟು ಬರೀ ಸಸಿಗಳ ಲೆಕ್ಕ ಬರೆದರೆ ಉಳಿಯುವುದು ದಾಂಧಲೆ ಮಾತ್ರ.

ಕಿತ್ತಲ್ಲೇ ನೆಡುವ ಈ ರೀತಿ ಇನ್ನಷ್ಟು ಅಚ್ಚುಕಟ್ಟಾಗಿ ರೂಪುಗೊಂಡದ್ದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ. ಅದು ನಮ್ಮ ಸಂಘದ ಕಾರ್ಯಕ್ರಮವಲ್ಲ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ್ದು. ಆದರೂ ಈ ಸಂಚಿಕೆಯಲ್ಲಿ ಅದಕ್ಕೆ ಜಾಗ ಇರಲೇಬೇಕು. ರಾಜ್ಯ ಸರ್ಕಾರ ಹರಿಹರ ಪಾಲಿಫೈಬರ್ಸ್ ಜತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಮಾಡಿತ್ತು. ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಭೂಮಿಯಲ್ಲಿ ತಿರುಳಿಗಾಗಿ ನೀಲಗಿರಿ ಬೆಳೆಸುವುದು ಅದರ ಉದ್ದೇಶ. ಕಾಗದದ ಮೇಲೆ ಪಾಳು ಎನಿಸಿಕೊಂಡ ಆ ಭೂಮಿ ಊರಿನ ದನ ಮೇಯುವ, ಸೊಪ್ಪು-ಸೌದೆ ಸಿಗುವ ಜಾಗ. ಶಿವರಾಮ ಕಾರಂತರೇ ಅರ್ಜಿದಾರರಾಗಿ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು, 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆಯೂ ಬಂತು.

1987ರ ನವೆಂಬರ್ 14ರಂದು ಸುಮಾರು ಎರಡು ಸಾವಿರ ಜನ ಕುಸನೂರಿನಲ್ಲಿ ಸೇರಿದರು. ಕಾರ್ಯಕ್ರಮದ ಹೆಸರು 'ಕಿತ್ತಿಕೋ-ಹಚ್ಚಿಕೋ'. ಅಹಿಂಸೆಯ ಪ್ರತಿಜ್ಞೆ ತೆಗೆದುಕೊಂಡು ಮೆರವಣಿಗೆಯಲ್ಲಿ ಹೋಗಿ ಕಿತ್ತದ್ದು ನೂರರಷ್ಟು ಸಸಿ. ಎರಡು ಸಾವಿರ ಜನ ಮನಸ್ಸು ಮಾಡಿದ್ದರೆ ನೆಡುತೋಪನ್ನೇ ಬಯಲು ಮಾಡಬಹುದಿತ್ತು. ನೂರಕ್ಕೆ ನಿಲ್ಲಿಸಿದರು. ಆ ಕುಳಿಗಳಲ್ಲಿ ಹಣ್ಣು, ಮೇವು ಕೊಡುವ ಗಿಡ ಹಚ್ಚಿದರು, ಅವಕ್ಕೆ ನೀರೆರೆದು ಸಾಕುತ್ತೇವೆಂದು ಮಾತು ಕೊಟ್ಟು ಹೊರಟರು. 1991ರಲ್ಲಿ ಆ ಜಂಟಿ ಕಂಪನಿಗೆ ಸರ್ಕಾರವೇ ಬೀಗ ಹಾಕಿತು.

ಇದನ್ನೆಲ್ಲ ವಿದೇಶದಿಂದ ಕಲಿತು ಬಂದದ್ದು ಎನ್ನುವವರಿಗೆ ತುರುವನೂರನ್ನು ನೆನಪಿಸಬೇಕು. 1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರ ಕಡಿದರು. ಹೆಂಡದ ಆದಾಯ ಸರ್ಕಾರದ್ದು, ಮರವೂ ಸರ್ಕಾರದ್ದು. ಅದರಲ್ಲಿ ಶಿಕ್ಷೆಗೊಳಗಾದ ವಕೀಲ ಎಸ್. ನಿಜಲಿಂಗಪ್ಪನವರು ಮುಂದೆ ಈ ರಾಜ್ಯದ ಮುಖ್ಯಮಂತ್ರಿಯಾದರು. ಸರ್ಕಾರದ ಮರ ಕಡಿದವರನ್ನು ನಾವು ಸ್ವಾತಂತ್ರ್ಯ ಹೋರಾಟಗಾರರೆಂದು ಪಠ್ಯಪುಸ್ತಕದಲ್ಲಿ ಓದುತ್ತೇವೆ.

ಇಷ್ಟರವರೆಗೆ ಬರೆಯುವುದು ಸುಲಭ. ಕಾರ್ಗಿಲ್ ವಿಷಯದಲ್ಲಿ ನನ್ನ ಲೇಖನಿ ತಡವರಿಸುತ್ತದೆ.

ಹಿನ್ನೆಲೆ ಎಲ್ಲರಿಗೂ ಗೊತ್ತು. ಗ್ಯಾಟ್ ಎಂಬ ಜಾಗತಿಕ ವ್ಯಾಪಾರ ಒಪ್ಪಂದದ ಮಾತುಕತೆಯಲ್ಲಿ 1991ರ ಕೊನೆಗೆ ಡಂಕೆಲ್ ಎಂಬ ಅದರ ಮುಖ್ಯಸ್ಥರ ಹೆಸರಿನ ಕರಡು ಬಂತು. ಬೀಜದ ಮೇಲೆ ಬೌದ್ಧಿಕ ಆಸ್ತಿಯ ಹಕ್ಕು ಎಂಬ ಮಾತು ಹಳ್ಳಿಗೆ ತಲುಪಿತು. ಕಣದಲ್ಲಿ ತೆಗೆದಿಟ್ಟ ಬೀಜವನ್ನು ಮುಂದಿನ ವರ್ಷ ಬಿತ್ತಲು, ಪಕ್ಕದವನಿಗೆ ಕಡ ಕೊಡಲು ಯಾರದ್ದೋ ಅಪ್ಪಣೆ ಬೇಕಾಗುತ್ತದೆಯೆಂಬ ಆತಂಕ ಅದು. ಬೀಜಕ್ಕೆ ಬೂದಿ ಬೆರೆಸಿ, ಮಡಕೆಗೆ ಬೇವಿನ ಸೊಪ್ಪು ಮುಚ್ಚಿ ಅಟ್ಟದ ಮೇಲಿಟ್ಟ ಅಜ್ಜಿಯಂದಿರ ಮನೆಗಳಿಂದ ಬಂದವರು ನಾವು. ನಮಗದು ಬರೀ ಒಪ್ಪಂದದ ಕಲಮಾಗಿ ಕಾಣಲಿಲ್ಲ. 1992ರ ಡಿಸೆಂಬರ್ 29ರಂದು ಸಂಘದ ಕಾರ್ಯಕರ್ತರು ಬೆಂಗಳೂರಿನಲ್ಲಿದ್ದ ಬಹುರಾಷ್ಟ್ರೀಯ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಸುಟ್ಟರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಕಟ್ಟುತ್ತಿದ್ದ ಅದೇ ಕಂಪನಿಯ ಬೀಜ ಘಟಕವನ್ನು ಒಡೆದರು. ಆ ವರ್ಷದ ಗಾಂಧಿ ಜಯಂತಿಯಂದು ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ರೈತರು ಸೇರಿದರು.

ಪ್ರೊಫೆಸರ್ ಸ್ವತಃ ಕಾನೂನು ಮೇಷ್ಟ್ರು. ಅವರ ವಾದ ನೇರವಾಗಿತ್ತು: ಹಿಂಸೆ ಎಂಬುದು ಜೀವಕ್ಕೆ ಆಗುವಂಥದ್ದು, ಕುರ್ಚಿ-ಮೇಜಿಗೆ, ಕಾಗದಕ್ಕೆ ಹಿಂಸೆಯಾಗುವುದಿಲ್ಲ. ವಿದೇಶಿ ಬಟ್ಟೆಗೆ ಬೆಂಕಿ ಇಟ್ಟ ಗಾಂಧಿಯನ್ನು ನೆನೆದರೆ ಈ ವಾದಕ್ಕೆ ಬಲ ಬರುತ್ತದೆ. ಆದರೆ ಆ ಬೆಂಕಿಯನ್ನು ರವೀಂದ್ರನಾಥ ಟ್ಯಾಗೋರರೂ ಒಪ್ಪಿರಲಿಲ್ಲ. ಅದೂ ಅಲ್ಲದೆ ಬಟ್ಟೆ ಕೊಟ್ಟವರು ತಮ್ಮದನ್ನೇ ತಂದು ಕೊಟ್ಟಿದ್ದರು. ಕಾರ್ಗಿಲ್ ಕಚೇರಿಯಲ್ಲಿ ಆ ದಿನ ಮೇಜಿನ ಮುಂದೆ ಕೂತಿದ್ದವರು ಸಂಬಳಕ್ಕೆ ದುಡಿಯುವ ನಮ್ಮಂಥವರ ಮಕ್ಕಳೇ. ಕಡತ ಹೊರಗೆ ಹಾರುವಾಗ ಅವರ ಎದೆ ಹೊಡೆದುಕೊಂಡಿರುತ್ತದೆ. ಮೈಗೆ ಏಟು ಬೀಳದಿದ್ದರೂ ಭಯ ಬಿದ್ದಿರುತ್ತದೆ. ಭಯೋತ್ಪಾದನೆ ಎಂಬ ಪದದ ಮೂಲದಲ್ಲಿರುವುದೂ ಭಯವೇ. ಸಂಘ ಅಂದು ತನ್ನ ಅಳತೆಗೋಲಿಗೆ ತಾನೇ ಪೂರ್ತಿ ಸರಿಹೊಂದಲಿಲ್ಲ ಎಂಬುದು ನನ್ನ ಅಭಿಪ್ರಾಯ. ಸಂಘದೊಳಗೇ ಇದನ್ನು ಒಪ್ಪದವರು ಇದ್ದಾರೆ. ಅವರು ಹೇಳುವುದು ಇಷ್ಟು: ಆ ದಿನ ಕಡತ ಸುಡದಿದ್ದರೆ ಡಂಕೆಲ್ ಎಂಬ ಹೆಸರು ಒಬ್ಬ ರೈತನ ಕಿವಿಗೂ ಬೀಳುತ್ತಿರಲಿಲ್ಲ. ಆ ಮಾತಿನಲ್ಲೂ ಸತ್ಯವಿದೆ. ಎರಡೂ ಅಭಿಪ್ರಾಯ ಈ ಸಂಚಿಕೆಯಲ್ಲಿ ದಾಖಲಾಗಲಿ.

ಈಗ ಆ ಪದದ ಊರಿಗೆ ಹೋಗಿ ಬರೋಣ. ನಮ್ಮ ಸಂಘ ಹುಟ್ಟಿದ 1980ರಲ್ಲೇ ಅಮೆರಿಕದಲ್ಲಿ ಡೇವ್ ಫೋರ್‌ಮನ್ ಮತ್ತು ಗೆಳೆಯರು 'ಅರ್ತ್ ಫಸ್ಟ್' ಎಂಬ ಸಂಘಟನೆ ಕಟ್ಟಿದರು. ಮರು ವರ್ಷ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಮೇಲಿಂದ ಮುನ್ನೂರು ಅಡಿಯ ಕಪ್ಪು ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ಕಟ್ಟೆ ಬಿರುಕು ಬಿಟ್ಟಂತೆ ತೋರಿಸಿದರು. ಅಲ್ಲಿಯವರೆಗೆ ಚೆನ್ನಾಗಿತ್ತು. ಆಮೇಲೆ ಮರಗಳಿಗೆ ಗುಟ್ಟಾಗಿ ಮೊಳೆ ಬಡಿಯುವುದು ಶುರುವಾಯಿತು, ಕಡಿಯಲು ಬಂದವರ ಗರಗಸ ಹಾಳಾಗಲೆಂದು. 1987ರಲ್ಲಿ ಕ್ಯಾಲಿಫೋರ್ನಿಯಾದ ಕ್ಲೋವರ್‌ಡೇಲ್ ಸಾಮಿಲ್ಲಿನಲ್ಲಿ ದಿಮ್ಮಿಯೊಳಗಿದ್ದ ಮೊಳೆಗೆ ಗರಗಸ ಬಡಿದು ಬ್ಲೇಡು ಸೀಳಿತು. ಯುವ ಕಾರ್ಮಿಕನೊಬ್ಬನ ದವಡೆ ಒಡೆಯಿತು. ಮೊಳೆ ಹೊಡೆದವರು ಯಾರೆಂಬುದು ಸಾಬೀತಾಗಲಿಲ್ಲ. ಆದರೆ ಗುಟ್ಟಿನ ಕೆಲಸದ ದೋಷ ಅಲ್ಲೇ ಇದೆ: ಹೊಡೆದವನು ಕಾಡಿನಿಂದ ಮನೆಗೆ ಹೋಗಿರುತ್ತಾನೆ, ಪೆಟ್ಟು ತಿನ್ನುವವನು ಕೂಲಿಕಾರ. ಅದೇ ಸಂಘಟನೆಯ ಜೂಡಿ ಬಾರಿ 1990ರಲ್ಲಿ ಮೊಳೆಯ ದಾರಿಯನ್ನು ಬಹಿರಂಗವಾಗಿ ಕೈಬಿಟ್ಟರು. ಕೆಲವೇ ವಾರಗಳಲ್ಲಿ ಅವರ ಕಾರಿನಲ್ಲಿ ಬಾಂಬ್ ಸಿಡಿಯಿತು. ಗಾಯಗೊಂಡು ಆಸ್ಪತ್ರೆಯಲ್ಲಿದ್ದ ಅವರನ್ನೇ ಬಾಂಬ್ ಸಾಗಿಸಿದವರೆಂದು ಬಂಧಿಸಿದರು. ಅವರು ತೀರಿಹೋದ ಮೇಲೆ, 2002ರಲ್ಲಿ, ಅವರಿಗೂ ಜತೆಗಾರನಿಗೂ 44 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ಜ್ಯೂರಿ ತೀರ್ಪು ಕೊಟ್ಟಿತು. ಒಂದು ಪದ ಮೊದಲೇ ಸಿದ್ಧವಾಗಿದ್ದರೆ ತನಿಖೆ ಎತ್ತ ಓಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆ ಪದವನ್ನು 1983ರಲ್ಲಿ ಚಲಾವಣೆಗೆ ತಂದವರು ರಾನ್ ಅರ್ನಾಲ್ಡ್, ಪರಿಸರ ಚಳವಳಿಯ ಕಡು ವಿರೋಧಿ. ತುಮಕೂರಿನ ರೈತರು ಹುಣಸೆ ಬೀಜ ಊರಿದ ವರ್ಷವೇ ಅದು. 2002ರಲ್ಲಿ ಎಫ್‌ಬಿಐ ಅದನ್ನು ಅಮೆರಿಕ ಸಂಸತ್ತಿನ ಸಮಿತಿಯ ಮುಂದಿಟ್ಟಿತು. ಪ್ರಾಣಿಗಳ ಮತ್ತು ಭೂಮಿಯ ವಿಮೋಚನೆಯ ಹೆಸರಿನ ಗುಂಪುಗಳು 1996ರಿಂದ ಆರುನೂರಕ್ಕೂ ಹೆಚ್ಚು ಕೃತ್ಯ ನಡೆಸಿ 4.3 ಕೋಟಿ ಡಾಲರ್ ನಷ್ಟ ಮಾಡಿವೆ ಎಂಬುದು ಅದರ ಲೆಕ್ಕ. ನಷ್ಟದ ಲೆಕ್ಕವೇ ಮುಂದೆ, ಜೀವದ ಲೆಕ್ಕ ಹಿಂದೆ.

ಎರಡು ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 1998ರ ಅಕ್ಟೋಬರ್ 19ರ ಬೆಳಗಿನ ಜಾವ, ಕತ್ತಲಿರುವಾಗಲೇ, ಕೊಲೊರಾಡೊದ ವೇಲ್ ಹಿಮಕ್ರೀಡಾ ತಾಣದ ಕಟ್ಟಡಗಳಿಗೆ ಬೆಂಕಿ ಬಿತ್ತು. ಕಾಡುಬೆಕ್ಕಿನ ಜಾತಿಯ ಲಿಂಕ್ಸ್ ಪ್ರಾಣಿಯ ನೆಲೆ ಉಳಿಸಲು ಹೀಗೆ ಮಾಡಿದ್ದೇವೆಂದು ಭೂ ವಿಮೋಚನಾ ರಂಗದ ಹೆಸರಿನಲ್ಲಿ ಸಂದೇಶ ಬಂತು. ನಷ್ಟ 1.2 ಕೋಟಿ ಡಾಲರ್. ಇಟ್ಟವರು ಯಾರೆಂದು ಪತ್ತೆಯಾಗಲು ಏಳು ವರ್ಷ ಹಿಡಿಯಿತು.

ಅದಾದ ನಲವತ್ತನೆಯ ದಿನ, ನವೆಂಬರ್ 28, ರಾಯಚೂರು ಜಿಲ್ಲೆಯ ಮಲದಕಲ್. ಮಹಿಕೋ-ಮಾನ್ಸಾಂಟೊ ಕಂಪನಿಯ ಕುಲಾಂತರಿ ಬಿಟಿ ಹತ್ತಿಯ ಪ್ರಯೋಗ ನಡೆಯುತ್ತಿದ್ದ ಹೊಲ. ಏನು ಮಾಡುತ್ತೇವೆ, ಯಾವ ದಿನ ಮಾಡುತ್ತೇವೆ ಎಂಬುದನ್ನು ಪ್ರೊಫೆಸರ್ ಮೊದಲೇ ಪತ್ರ ಬರೆದು ಜಗತ್ತಿಗೆಲ್ಲ ಸಾರಿದ್ದರು. ಹೊಲದವರಿಗೆ ವಿಷಯ ತಿಳಿಸಿ, ಬೆಳೆ ನಷ್ಟವನ್ನು ಸಂಘವೇ ಭರಿಸುತ್ತದೆಂದು ಮಾತು ಕೊಟ್ಟಿದ್ದರು. ಮಧ್ಯಾಹ್ನದ ಬಿಸಿಲಲ್ಲಿ, ಕ್ಯಾಮೆರಾಗಳ ಮುಂದೆ, ಹೊಲದ ಒಡೆಯನೂ ಊರವರೂ ಸಂಘದವರೂ ಕೂಡಿ ಹತ್ತಿ ಗಿಡ ಕಿತ್ತು ಗುಡ್ಡೆ ಹಾಕಿ ಬೆಂಕಿ ಕೊಟ್ಟರು. ತನ್ನ ಹೊಲದಲ್ಲಿ ಬೆಳೆದದ್ದನ್ನು ತಾನೇ ಕೀಳುವ ರೈತನ ಕೈಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಬಿತ್ತಿದವನಿಗೆ ಅದು ಹಗುರವಾದ ಕೆಲಸವಲ್ಲ. 'ಆಪರೇಷನ್ ಕ್ರಿಮೇಟ್ ಮಾನ್ಸಾಂಟೊ' ಎಂದು ಲೋಕಕ್ಕೆ ಗೊತ್ತಾದದ್ದು ಇದೇ. ನಾಲ್ಕು ದಿನದ ಮೇಲೆ ಬಳ್ಳಾರಿ ಜಿಲ್ಲೆಯಲ್ಲೂ ನಡೆಯಿತು.

ಎರಡು ಬೆಂಕಿಗಳೂ ಆಸ್ತಿ ನಾಶವೇ. ಒಂದರಲ್ಲಿ ಇಟ್ಟವರಿಗೆ ಮುಖವಿಲ್ಲ, ಇನ್ನೊಂದರಲ್ಲಿ ಊರು, ಹೆಸರು, ವಿಳಾಸ ಎಲ್ಲವೂ ಇದೆ. ಒಂದರಲ್ಲಿ ನಷ್ಟ ಅನುಭವಿಸುವವನಿಗೆ ಸುಳಿವಿಲ್ಲ, ಇನ್ನೊಂದರಲ್ಲಿ ಮೊದಲೇ ಮಾತಾಗಿದೆ. ಇವೆರಡಕ್ಕೂ ಒಂದೇ ಹಣೆಪಟ್ಟಿ ಅಂಟಿಸುವವರು ನ್ಯಾಯ ಮಾಡುವುದಿಲ್ಲ. ಆ ದಿನಗಳಲ್ಲಿ ನಮ್ಮ ಕಡೆಯೂ ತಪ್ಪು ಮಾತು ಹರಡಿತ್ತು ಎಂಬುದನ್ನೂ ಬರೆಯಬೇಕು. ಆ ಹೊಲಗಳಲ್ಲಿ ಮೊಳಕೆಯೊಡೆಯದ 'ಟರ್ಮಿನೇಟರ್' ಬೀಜವಿದೆ ಎಂದು ಅನೇಕರು ನಂಬಿದ್ದರು. ಆ ತಂತ್ರಜ್ಞಾನಕ್ಕೆ ಆ ವರ್ಷವಷ್ಟೇ ಅಮೆರಿಕದಲ್ಲಿ ಪೇಟೆಂಟ್ ಆಗಿತ್ತು, ಹೊಲಕ್ಕೆ ಅದು ಬಂದಿರಲೇ ಇಲ್ಲ.

1999ರಲ್ಲಿ ನಮ್ಮ ರೈತರು ನೂರಾರು ಸಂಖ್ಯೆಯಲ್ಲಿ ಯುರೋಪಿಗೆ ಹೋದರು. ಜೂನ್‌ನಲ್ಲಿ ಫ್ರಾನ್ಸಿನ ಮೊಂಪೆಲಿಯೆಯಲ್ಲಿ ಜೋಸೆ ಬೊವೆಯವರ ರೈತ ಸಂಘಟನೆಯ ಜತೆ ಕುಲಾಂತರಿ ಭತ್ತದ ಪ್ರಯೋಗ ಸಸ್ಯಗಳನ್ನು ನಾಶ ಮಾಡಿದರು. ಬೊವೆ ಅದಕ್ಕಾಗಿ ಮುಂದೆ ಜೈಲಿಗೂ ಹೋದರು. ಆಗಸ್ಟ್‌ನಲ್ಲಿ ಜಾಗತಿಕ ಜನಾಂದೋಲನಗಳ ಜಾಲವಾದ 'ಪೀಪಲ್ಸ್ ಗ್ಲೋಬಲ್ ಆಕ್ಷನ್'ನ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು, ಆತಿಥ್ಯ ನಮ್ಮ ಸಂಘದ್ದು. ಆ ಜಾಲದಲ್ಲಿ ಒಂದು ದೊಡ್ಡ ಚರ್ಚೆ ಅಹಿಂಸೆ ಎಂಬ ಮಾತಿನ ಸುತ್ತಲೇ ಆಯಿತು. ಭಾರತದವರಿಗೆ ಅಹಿಂಸೆಯೆಂದರೆ ಜೀವಕ್ಕೆ ಗೌರವ, ಪಶ್ಚಿಮದವರಿಗೆ ಖಾಸಗಿ ಆಸ್ತಿಗೂ ಗೌರವ ಎಂಬ ವ್ಯತ್ಯಾಸವನ್ನು ಜಾಲದವರು ಗುರುತಿಸಿ ಬರೆದಿಟ್ಟರು. 2001ರಲ್ಲಿ ಬೊಲಿವಿಯಾದ ಕೊಚಬಾಂಬದಲ್ಲಿ ಆ ಪದವನ್ನೇ ಕೈಬಿಟ್ಟು, ಜೀವಕ್ಕೆ ಗರಿಷ್ಠ ಗೌರವ ಎಂಬ ಅರ್ಥದ ಮಾತು ಹಾಕಿಕೊಂಡರು. ಶಿವಮೊಗ್ಗ, ಮಂಡ್ಯ, ರಾಯಚೂರಿನ ಹಳ್ಳಿಗರ ಅನುಭವ ಲೋಕದ ಚಳವಳಿಗಳ ನಿಘಂಟನ್ನೇ ತಿದ್ದಿಸಿತು. ನಮ್ಮ ಸಂಘದ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಮುಂದೇನಾಯಿತು? ಬಿಟಿ ಹತ್ತಿಗೆ 2002ರ ಮಾರ್ಚ್‌ನಲ್ಲಿ ಅನುಮತಿ ಸಿಕ್ಕಿತು. ಇಂದು ದೇಶದ ಹತ್ತಿಯಲ್ಲಿ ಬಹುಪಾಲು ಅದೇ. ಆ ಹೋರಾಟದಲ್ಲಿ ಸಂಘ ಸೋತಿತು, ಮುಚ್ಚಿಡುವುದೇನಿಲ್ಲ. ಆದರೆ ಯಾವ ಹುಳುಗಳನ್ನು ಕೊಲ್ಲುತ್ತದೆಂದು ಆ ಬೀಜ ಬಂತೋ ಅವುಗಳಲ್ಲೊಂದಾದ ಗುಲಾಬಿ ಕಾಯಿಕೊರಕ ಅದರ ವಿಷವನ್ನು ಜೀರ್ಣಿಸಿಕೊಂಡು ಬದುಕುವುದನ್ನು ಕಲಿತಿದೆ. ಬಿಟಿ ಬದನೆಗೆ 2010ರ ಫೆಬ್ರವರಿಯಲ್ಲಿ ಕೇಂದ್ರ ತಡೆ ಹಾಕಿತು. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮಿನಲ್ಲಿ ಬೀಜ ಉಳಿಸುವ, ಬಿತ್ತುವ, ಹಂಚುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕು ರೈತನಿಗೆ ಉಳಿಯಿತು. ಇನ್ನು ನೀಲಗಿರಿ: ಹೊಸದಾಗಿ ನೆಡುವುದನ್ನು 2017ರಲ್ಲಿ ರಾಜ್ಯ ಸರ್ಕಾರವೇ ನಿಷೇಧಿಸಿತು, ಅಂತರ್ಜಲದ ಕಾರಣ ಕೊಟ್ಟು. ರೈತರು ಹೇಳಿದ ಮಾತನ್ನೇ ಸರ್ಕಾರ ಹೇಳಲು ಮೂವತ್ತನಾಲ್ಕು ವರ್ಷ ಹಿಡಿಯಿತು.

ಕಾನೂನು ಮಾತ್ರ ಈ ನಡುವೆ ಬಿಗಿಯಾಗುತ್ತ ಬಂದಿದೆ. ಅಂದು ನಮ್ಮವರ ಮೇಲೆ ಬೀಳುತ್ತಿದ್ದದ್ದು ದೊಂಬಿ, ಅತಿಕ್ರಮ ಪ್ರವೇಶ, ಆಸ್ತಿ ನಷ್ಟದ ಕಲಮುಗಳು. ಇಂದು ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ (ಯುಎಪಿಎ) ಭಯೋತ್ಪಾದನಾ ಕೃತ್ಯದ ವ್ಯಾಖ್ಯೆಯಲ್ಲಿ ಆಸ್ತಿ ನಾಶವೂ ಸೇರಿದೆ. ಹಸಿರು ಶಾಲಿನ ಹುಡುಗರು ನಾಳೆ ಒಂದು ನರ್ಸರಿಗೆ ನಡೆದುಹೋದರೆ ಯಾವ ಪುಟ ತೆರೆಯುತ್ತಾರೋ ತಿಳಿಯದು. ಆಗ ನಮ್ಮ ಪರವಾಗಿ ಮಾತಾಡುವುದು ನಮ್ಮ ಹಳೆಯ ನಡತೆಯ ದಾಖಲೆಯೊಂದೇ: ಮೊದಲೇ ಸಾರಿದ್ದೆವು, ಹಗಲಲ್ಲಿ ಹೋಗಿದ್ದೆವು, ಜೀವ ಮುಟ್ಟಲಿಲ್ಲ, ಬಂಧನಕ್ಕೆ ಕೈ ಚಾಚಿದೆವು, ಕಿತ್ತಲ್ಲಿ ನೆಟ್ಟೆವು.

ಆ ದಾಖಲೆ ಈಗ ಹೆಚ್ಚಾಗಿ ಪೊಲೀಸ್ ಠಾಣೆಗಳಲ್ಲಿದೆ, ಅಲ್ಲಿ ಅರ್ಧ ಮಾತ್ರ ಇದೆ. ಉಳಿದರ್ಧ ನಿಮ್ಮ ಮನೆಗಳಲ್ಲಿದೆ. ಆ ಕಾಲದ ಕರಪತ್ರ, ಸಮನ್ಸ್ ಪ್ರತಿ, ಜೈಲಿನಿಂದ ಬರೆದ ಪತ್ರ, ಮಾಸಿದ ಫೋಟೊ ಯಾವುದಿದ್ದರೂ ನಿಮ್ಮ ತಾಲ್ಲೂಕು ಘಟಕಕ್ಕೆ ತಲುಪಿಸಿ. ಪ್ರತಿ ತೆಗೆದುಕೊಂಡು ಮೂಲವನ್ನು ಹಿಂದಿರುಗಿಸುತ್ತೇವೆ. ಕುಸನೂರಿನಲ್ಲೋ ತುಮಕೂರಿನಲ್ಲೋ ನೀವು ಅಥವಾ ನಿಮ್ಮ ಹಿರಿಯರು ಅಂದು ಹಚ್ಚಿದ ಮರವೊಂದು ಇನ್ನೂ ನಿಂತಿದ್ದರೆ, ಅದು ಯಾವ ಮರ, ಯಾವ ಸರ್ವೆ ನಂಬರಿನಲ್ಲಿದೆ ಎಂಬುದನ್ನೂ ಬರೆದು ಕಳಿಸಿ.